ದಕ್ಷಿಣದ ಬಾಗಿಲು ಕೀಳಬೇಕೇ? ವಾಸ್ತು, ಫೆಂಗ್‌ಶುಯಿ ನಡುವೆ ಸಿಕ್ಕಿಕೊಂಡ ಮನೆಗೆ ಉತ್ತರ

ಪ್ರಶ್ನೆ: ಹಾಸನದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಮೂರು ವರ್ಷ ಆಯಿತು. ರಸ್ತೆ ದಕ್ಷಿಣಕ್ಕಿದೆ, ಬಾಗಿಲೂ ದಕ್ಷಿಣಕ್ಕೇ. ಅಡುಗೆಮನೆ ವಾಯವ್ಯದಲ್ಲಿದೆ, ಸಂಪು ಮನೆ ಮುಂದೆ ಇದೆ. ಈ ಮನೆಗೆ ಬಂದಾಗಿನಿಂದ ಯಜಮಾನರ ವ್ಯಾಪಾರ ಕುಗ್ಗಿದೆ, ಅತ್ತೆಯವರ ಉಬ್ಬಸ ಜಾಸ್ತಿಯಾಗಿದೆ. ವಾಸ್ತು ನೋಡುವವರು ಬಂದು, ಬಾಗಿಲನ್ನು ಪೂರ್ವಕ್ಕೆ ಇಡಿ, ಅಡುಗೆಮನೆಯನ್ನು ಆಗ್ನೇಯಕ್ಕೆ ತನ್ನಿ, ಸಂಪು ಮುಚ್ಚಿ ಈಶಾನ್ಯದಲ್ಲಿ ತೋಡಿಸಿ ಅಂದರು. ಎಲ್ಲ ಸೇರಿ ಆರು ಲಕ್ಷ ಆಗುತ್ತದಂತೆ. ಬೆಂಗಳೂರಿನ ನನ್ನ ತಂಗಿ ಚೀನಾದವರ ವಾಸ್ತು ಅನ್ನಬಹುದಾದ ಫೆಂಗ್‌ಶುಯಿ ಕಲಿತಿದ್ದಾಳೆ. ದಕ್ಷಿಣದ ಬಾಗಿಲು ಒಳ್ಳೆಯದೇ, ಆಗ್ನೇಯದಲ್ಲಿ ಮೀನಿನ ತೊಟ್ಟಿ ಇಡು, ದುಡ್ಡು ನಿಲ್ಲುತ್ತದೆ ಅನ್ನುತ್ತಾಳೆ. ವಾಸ್ತುವಿನವರು ಆಗ್ನೇಯದಲ್ಲಿ ನೀರು ಇರಲೇಬಾರದು ಅನ್ನುತ್ತಾರೆ. ಯಾರ ಮಾತು ಕೇಳೋಣ? ನಕ್ಷೆ, ಫೋಟೊ ಕಳಿಸಿದ್ದೇನೆ.
– ಓದುಗರೊಬ್ಬರು, ಹಾಸನ

ಉತ್ತರ: ಮೊದಲು ಮುಖ್ಯವಾದ ಮಾತು ಹೇಳಿಬಿಡುತ್ತೇನೆ. ಬಾಗಿಲು ಕೀಳಬೇಡಿ. ಅಡುಗೆಮನೆ ಕದಲಿಸಬೇಡಿ. ಆರು ಲಕ್ಷಕ್ಕೆ ಸಾಲ ಎತ್ತುವ ಯೋಚನೆ ಇದ್ದರೆ ಕೈಬಿಡಿ. ನಿಮ್ಮ ಮನೆಯಲ್ಲಿ ಕೆಲಸ ಆಗಬೇಕಿದೆ, ನಿಜ. ಆದರೆ ಅದು ಈ ಇಬ್ಬರೂ ಬೆರಳು ತೋರಿಸದ ಜಾಗದಲ್ಲಿದೆ. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮುಂಚೆ ನಿಮ್ಮ ಮನಸ್ಸಿನಲ್ಲಿ ಕೂತಿರುವ ದಕ್ಷಿಣದ ಭಯ ಹೋಗಬೇಕು.

ದಕ್ಷಿಣ ಯಮನ ದಿಕ್ಕು, ಆ ಕಡೆ ಬಾಗಿಲೇ ಇರಬಾರದು ಅನ್ನುವ ಮಾತನ್ನು ಎಲ್ಲರೂ ಕೇಳಿದ್ದೇವೆ. ಹಳೆಯ ವಾಸ್ತು ಗ್ರಂಥಗಳು ಅಷ್ಟು ಒರಟಾಗಿ ಹೇಳುವುದಿಲ್ಲ. 6ನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾಸ್ತುವಿಗೇ ಒಂದು ಅಧ್ಯಾಯ ಇದೆ. ಅಲ್ಲಿ ಮನೆಯ ನೆಲವನ್ನು 81 ಚೌಕ ಮಾಡುತ್ತಾರೆ, ಅಂದರೆ ಪ್ರತಿ ಬದಿಗೆ ಒಂಬತ್ತು ಭಾಗ. ಅಂಚಿನ 32 ಚೌಕಗಳಿಗೆ ಒಬ್ಬೊಬ್ಬ ದೇವತೆ. ಬಾಗಿಲು ಯಾವ ಚೌಕದಲ್ಲಿ ಬಿತ್ತು ಅನ್ನುವುದರ ಮೇಲೆ ಫಲ. ದಕ್ಷಿಣದ ಬದಿಯಲ್ಲಿ ಆಗ್ನೇಯ ಮೂಲೆಯಿಂದ ಎಣಿಸಿಕೊಂಡು ಬಂದರೆ ನಾಲ್ಕನೇ ಚೌಕದ ಬಾಗಿಲಿಗೆ ಅನ್ನ, ಪಾನ, ಸಂತಾನ ಮೂರೂ ಹೆಚ್ಚುತ್ತವೆ ಅಂತ ಬರೆದಿದೆ. ಯಮನ ಚೌಕ ಅದರ ಪಕ್ಕದ್ದು, ಐದನೆಯದು. ಹಾಗೆಯೇ ಪೂರ್ವದ ಬದಿಯಲ್ಲಿ ಎಲ್ಲ ಬಾಗಿಲೂ ಒಳ್ಳೆಯದಲ್ಲ. ಅಲ್ಲೂ ಬೆಂಕಿಯ ಭಯ, ಸುಳ್ಳು, ಕಳ್ಳತನ ಅಂತ ಫಲ ಹೇಳಿದ ಚೌಕಗಳಿವೆ. ‘ಪೂರ್ವ ಒಳ್ಳೆಯದು, ದಕ್ಷಿಣ ಕೆಟ್ಟದ್ದು’ ಅನ್ನುವುದು ಗ್ರಂಥದ ಮಾತಲ್ಲ. ಸೈಟು ಮಾರುವವರು, ಕೊಳ್ಳುವವರು ಸೇರಿ ಚಿಕ್ಕದು ಮಾಡಿಕೊಂಡ ಮಾತು.

ಈಗ ನಿಮ್ಮ ನಕ್ಷೆಯನ್ನೇ ನೋಡೋಣ. ಮನೆಯ ಅಗಲ 27 ಅಡಿ. ಒಂಬತ್ತು ಭಾಗ ಮಾಡಿದರೆ ತಲಾ 3 ಅಡಿ. ಆಗ್ನೇಯ ಮೂಲೆಯಿಂದ ನಾಲ್ಕನೇ ಭಾಗ ಅಂದರೆ 9ರಿಂದ 12 ಅಡಿ. ನಿಮ್ಮ ವಾಸ್ಕಾಲಿನ ನಡುಭಾಗ ಹತ್ತೂವರೆ ಅಡಿಯಲ್ಲಿದೆ. ಗ್ರಂಥದ ಪ್ರಕಾರವೇ ಹೋದರೂ ನಿಮ್ಮ ಬಾಗಿಲು ಸರಿಯಾದ ಕಡೆಯೇ ಇದೆ. ಇದನ್ನು ಅತ್ತೆಯವರಿಗೆ ಟೇಪು ಹಿಡಿದು ತೋರಿಸಿ. ಅವರಿಗೆ ಇದರಿಂದ ಎಷ್ಟೋ ನೆಮ್ಮದಿ ಆದೀತು. ಒಂದು ವೇಳೆ ಐದನೇ ಭಾಗದಲ್ಲಿ ಬಿದ್ದಿದ್ದರೂ ನಾನು ಒಡೆಯಿರಿ ಅನ್ನುತ್ತಿರಲಿಲ್ಲ. ಯಾಕೆಂದರೆ ನಿಮ್ಮ ಪೂರ್ವದ ಗೋಡೆಗೂ ಕಾಂಪೌಂಡಿಗೂ ನಡುವೆ ಮೂರೇ ಅಡಿ ಜಾಗ. ಅಲ್ಲಿ ಬಾಗಿಲು ಇಟ್ಟರೆ ಪಕ್ಕದ ಮನೆಯ ಗೋಡೆ ನೋಡಿಕೊಂಡು ಹೊರಗೆ ಬರಬೇಕು. ಗಾಳಿ ಇಲ್ಲ, ಬೆಳಕಿಲ್ಲ. ಭಾರ ಹೊತ್ತ ಗೋಡೆ ಕೊಯ್ದು ಲಿಂಟಲ್ ಇಳಿಸುವಾಗ ಮೇಲಿನ ಮೋಲ್ಡಿನಲ್ಲಿ ಬಿರುಕು ಬಂದರೆ ಅದು ಜನ್ಮಕ್ಕಂಟಿದ ತಾಪತ್ರಯ.

ಬೇಲೂರಿಗೆ ಹೋಗಿದ್ದೀರಲ್ವಾ? 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನಕ್ಕೆ ಮೂರು ಬಾಗಿಲು. ಪೂರ್ವದ್ದು ಮುಖ್ಯ, ಉತ್ತರದ್ದು ಸ್ವರ್ಗದ ಬಾಗಿಲು, ದಕ್ಷಿಣದ್ದು ಶುಕ್ರವಾರದ ಬಾಗಿಲು. ಮೂರಕ್ಕೂ ಒಂದೇ ಶ್ರದ್ಧೆಯಿಂದ ಕೆತ್ತನೆ ಮಾಡಿದ್ದಾರೆ. ಹೊಯ್ಸಳರ ಶಿಲ್ಪಿಗಳಿಗೆ ವಾಸ್ತು ಗೊತ್ತಿರಲಿಲ್ಲ ಅನ್ನುವ ಧೈರ್ಯ ಯಾರಿಗೂ ಬರಲಿಕ್ಕಿಲ್ಲ.

ಇನ್ನು ದಿಕ್ಕು ನೋಡಿದ ರೀತಿ. ವಾಸ್ತುವಿನವರು ಹಾಲ್‌ನ ನಡುವೆ ನಿಂತು ಮೊಬೈಲ್ ಹಿಡಿದು, ಮನೆ 15 ಡಿಗ್ರಿ ತಿರುಗಿದೆ ಅಂದರು ಎಂದು ಬರೆದಿದ್ದೀರಿ. ಮೋಲ್ಡಿನಲ್ಲಿ, ಕಂಬಗಳಲ್ಲಿ ಕಬ್ಬಿಣ ತುಂಬಿರುವ ಮನೆಯೊಳಗೆ ಮೊಬೈಲಿನ ದಿಕ್ಸೂಚಿಯನ್ನು ನಂಬಬಾರದು. ಎರಡು ಹೆಜ್ಜೆ ಆಚೆ ನಿಂತರೆ ಬೇರೆ ಲೆಕ್ಕ ತೋರಿಸುತ್ತದೆ. ಹಳಬರ ಹತ್ತಿರ ಇದಕ್ಕಿಂತ ಒಳ್ಳೆಯ ಉಪಾಯ ಇತ್ತು. ಮಾನಸಾರ, ಮಯಮತ ಎಂಬ ಹಳೆಯ ವಾಸ್ತು ಗ್ರಂಥಗಳೆರಡರಲ್ಲೂ ಶಂಕು, ಅಂದರೆ ನೆರಳು ನೋಡುವ ಕಡ್ಡಿ, ನೆಟ್ಟು ದಿಕ್ಕು ಗುರುತಿಸುವ ಕ್ರಮ ಇದೆ. ನೀವೇ ಮಾಡಬಹುದು. ತಾರಸಿ ಮೇಲೆ ನೀರಿನ ಟ್ಯಾಂಕಿನ ನೆರಳು ಬೀಳದ ಸಮತಟ್ಟು ಜಾಗ ನೋಡಿ. ಒಂದು ಅಡಿ ಎತ್ತರದ ನೆಟ್ಟನೆಯ ಕಡ್ಡಿಯನ್ನು ಅಲ್ಲಾಡದ ಹಾಗೆ ನಿಲ್ಲಿಸಿ. ಅದರ ಬುಡಕ್ಕೆ ದಾರ ಕಟ್ಟಿ, ಒಂದು ಅಡಿ ಅಳತೆಗೆ ಸೀಮೆಸುಣ್ಣದಲ್ಲಿ ಸುತ್ತು ಎಳೆಯಿರಿ. ಬೆಳಿಗ್ಗೆ ಕಡ್ಡಿಯ ನೆರಳು ಉದ್ದ ಇರುತ್ತದೆ, ನಿಧಾನಕ್ಕೆ ಗಿಡ್ಡ ಆಗುತ್ತಾ ಬರುತ್ತದೆ. ಅದರ ತುದಿ ಸುತ್ತನ್ನು ಮುಟ್ಟಿದ ಕಡೆ ಒಂದು ಚುಕ್ಕೆ ಇಡಿ. ಮಧ್ಯಾಹ್ನದ ಮೇಲೆ ನೆರಳು ಆ ಕಡೆಗೆ ಬೆಳೆದು ಮತ್ತೆ ಸುತ್ತನ್ನು ಮುಟ್ಟುತ್ತದೆ. ಅಲ್ಲಿ ಇನ್ನೊಂದು ಚುಕ್ಕೆ. ಎರಡನ್ನೂ ಸೇರಿಸಿ ಗೆರೆ ಎಳೆದರೆ ಅದೇ ಪೂರ್ವ–ಪಶ್ಚಿಮ. ಕಬ್ಬಿಣ ಇದನ್ನು ಕೆಡಿಸಲಾರದು. ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡಿ, ಚೆನ್ನಾಗಿರುತ್ತದೆ.

ತಂಗಿಯ ಮಾತಿಗೆ ಬರೋಣ. ದಕ್ಷಿಣದ ಬಾಗಿಲು ಒಳ್ಳೆಯದು ಅನ್ನುವುದು ಚೀನಾದ ನೆಲದಲ್ಲಿ ಹುಟ್ಟಿದ ಮಾತು, ಅಲ್ಲಿಗೆ ಅದು ಬಹಳ ಸರಿ. ಬೀಜಿಂಗ್ ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಚಳಿಗಾಲದಲ್ಲಿ ಉತ್ತರದಿಂದ ಕೊರೆಯುವ ಗಾಳಿ ಬೀಸುತ್ತದೆ. ಆದ್ದರಿಂದ ಬೆನ್ನಿಗೆ ಗುಡ್ಡ, ಮುಂದೆ ನೀರು, ದಕ್ಷಿಣಕ್ಕೆ ಮುಖ. ಇದು ಫೆಂಗ್‌ಶುಯಿಯ ಆದರ್ಶ ಮನೆ. 1420ರಲ್ಲಿ ಮುಗಿದ ಬೀಜಿಂಗ್ ಅರಮನೆ ದಕ್ಷಿಣಕ್ಕೆ ಮುಖ ಮಾಡಿದೆ. ಅದರ ಬೆನ್ನಿಗೆ ಗುಡ್ಡ ಇರಲಿಲ್ಲ. ಕಂದಕ ತೋಡಿದ ಮಣ್ಣನ್ನೇ ಉತ್ತರಕ್ಕೆ ರಾಶಿ ಹಾಕಿ ಗುಡ್ಡ ಮಾಡಿಕೊಂಡರು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನದ ಸೂರ್ಯನ ಎತ್ತರ ಸುಮಾರು 27 ಡಿಗ್ರಿ ಅಷ್ಟೇ. ದಕ್ಷಿಣದ ಬಾಗಿಲಿಂದ ಬಿಸಿಲು ಕೋಣೆಯ ಒಳಗಿನವರೆಗೆ ಬಂದು ಮೈ ಬೆಚ್ಚಗೆ ಮಾಡುತ್ತದೆ.

ಹಾಸನ 13 ಡಿಗ್ರಿಯಲ್ಲಿದೆ. ಅದೇ ದಿನ ನಮ್ಮಲ್ಲಿ ಸೂರ್ಯ 53 ಡಿಗ್ರಿ ಮೇಲೆ ಇರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ನೆತ್ತಿಗೆ ಬಂದು, ಆಗಸ್ಟ್ ಮಧ್ಯದವರೆಗೂ ಮಧ್ಯಾಹ್ನದ ಹೊತ್ತು ನಮ್ಮ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ನಮ್ಮ ಕಡೆ ದಕ್ಷಿಣ ಬಲು ಸುಲಭದ ದಿಕ್ಕು. ನಿಮ್ಮ ಮುಂದಿನ ಕಿಟಕಿ 4 ಅಡಿ ಎತ್ತರ, ಮೇಲೆ 2 ಅಡಿ ಸಜ್ಜಾ. ಡಿಸೆಂಬರಿನ ಚಳಿಯಲ್ಲಿ ನಡುಮಧ್ಯಾಹ್ನ ಕಿಟಕಿಯ ಕೆಳಗಿನ ಒಂದೂಕಾಲು ಅಡಿಗೆ ಬಿಸಿಲು ಬೀಳುತ್ತದೆ. ಮಾರ್ಚ್ ಕೊನೆಗೆ ಅದೇ ಹೊತ್ತಿನಲ್ಲಿ ಒಂದು ಇಂಚೂ ಬೀಳುವುದಿಲ್ಲ. ಬೇಕಾದಾಗ ಬಿಸಿಲು, ಬೇಡವಾದಾಗ ನೆರಳು. ಇದಕ್ಕಿಂತ ಇನ್ನೇನು ಬೇಕು? ನಮ್ಮಲ್ಲಿ ಕಷ್ಟದ ದಿಕ್ಕು ಅಂದರೆ ಪಶ್ಚಿಮ. ಇಳಿಬಿಸಿಲಿಗೆ ಸಜ್ಜಾ ಏನೂ ಮಾಡಲಾರದು. ಮಳೆಯೂ ಆ ಕಡೆಯಿಂದಲೇ ಬಂದು ಹೊಡೆಯುತ್ತದೆ. ಪಶ್ಚಿಮ ಅನ್ನುವ ಪದವನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಮನೆಯ ತೊಂದರೆ ಅಲ್ಲೇ ಇದೆ.

ಮೀನಿನ ತೊಟ್ಟಿಯ ಜಗಳ ಯಾಕೆ ಬಂತು ಅಂತಲೂ ಹೇಳಬೇಕು. ಯಾಕೆಂದರೆ ಇದು ಎರಡೂ ಪದ್ಧತಿ ಬೆರೆಸುವ ಎಲ್ಲ ಮನೆಗಳ ಕಥೆ. ನಮ್ಮ ಪಂಚಭೂತಗಳು ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಚೀನಾದವರ ಐದು ಮರ, ಬೆಂಕಿ, ಮಣ್ಣು, ಲೋಹ, ನೀರು. ಮೂರು ಮಾತ್ರ ಒಂದೇ, ಅವುಗಳ ಮನೆಯೂ ಬೇರೆ. ವಾಸ್ತುವಿನಲ್ಲಿ ಆಗ್ನೇಯ ಅಗ್ನಿಯದು, ಅಲ್ಲಿ ನೀರು ಕೂಡದು. ಫೆಂಗ್‌ಶುಯಿಯಲ್ಲಿ ಆಗ್ನೇಯ ಮರದ್ದು, ನೀರು ಮರವನ್ನು ಬೆಳೆಸುತ್ತದೆ, ಹಾಗಾಗಿ ಅಲ್ಲಿ ನೀರು ಶುಭ. ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ಹೇಳಿದ್ದಾರೆ. ಎರಡು ಕೋಷ್ಟಕಗಳನ್ನು ಒಂದೇ ನಕ್ಷೆಯ ಮೇಲೆ ಇಟ್ಟಿದ್ದರಿಂದ ಗೊಂದಲ. ಒಂದು ಊರಿನ ಬಸ್ಸಿನ ವೇಳಾಪಟ್ಟಿ ಹಿಡಿದು ಇನ್ನೊಂದು ಊರಿನ ನಿಲ್ದಾಣದಲ್ಲಿ ಕಾದ ಹಾಗೆ ಆಗುತ್ತದೆ.

ಫೆಂಗ್‌ಶುಯಿಯ ಒಳಗೇ ಎಲ್ಲರದೂ ಒಂದೇ ಮಾತಲ್ಲ. ದಿಕ್ಸೂಚಿ ಹಿಡಿಯುವವರಿಗೆ ದುಡ್ಡಿನ ಮೂಲೆ ಆಗ್ನೇಯ. 1980ರ ದಶಕದಲ್ಲಿ ಅಮೆರಿಕದಲ್ಲಿ ಲಿನ್ ಯುನ್ ಎಂಬ ಗುರು ಹಬ್ಬಿಸಿದ ಪದ್ಧತಿಯಲ್ಲಿ ದಿಕ್ಸೂಚಿಯೇ ಬೇಕಿಲ್ಲ. ಬಾಗಿಲಿಂದ ಒಳಗೆ ಬಂದಾಗ ಎಡಗಡೆಯ ಕೊನೆಯ ಮೂಲೆ ದುಡ್ಡಿನದು. ನಿಮ್ಮ ಮನೆಯಲ್ಲಿ ಅದು ವಾಯವ್ಯ, ಅಂದರೆ ಅಡುಗೆಮನೆ! ವಾಸ್ತುವನ್ನು ಕೇಳಿದರೆ ಕುಬೇರ ಇರುವುದು ಉತ್ತರದಲ್ಲಿ. ಒಂದೇ ಮನೆಗೆ ಮೂರು ದುಡ್ಡಿನ ಮೂಲೆ ಆಯಿತು. ತಂಗಿಯನ್ನು ಬೇಜಾರು ಮಾಡಬೇಡಿ, ಪ್ರೀತಿಯಿಂದ ಹೇಳಿದ್ದಾಳೆ. ಮೀನು ಸಾಕುವ ಆಸೆ ಇದ್ದರೆ ನೇರ ಬಿಸಿಲು ಬೀಳದ ಕಡೆ ಇಡಿ, ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ. ಮೂರು ಅಡಿಯ ತೊಟ್ಟಿಗೆ ನೀರೇ 150 ಕೆ.ಜಿ. ಮೇಲೆ ಆಗುತ್ತದೆ, ಗಟ್ಟಿ ಸ್ಟ್ಯಾಂಡ್ ಬೇಕು. ಲಾಫಿಂಗ್ ಬುದ್ಧ ಇಟ್ಟರೂ ಸರಿ, ಬಿಟ್ಟರೂ ಸರಿ. ಅದು ಗೌತಮ ಬುದ್ಧನ ಮೂರ್ತಿಯಲ್ಲ, 10ನೇ ಶತಮಾನದ ಬುಡೈ ಎಂಬ ಚೀನೀ ಭಿಕ್ಷುವಿನದು. ನಗುಮುಖ ನೋಡಿ ಖುಷಿ ಆದರೆ ಅದೇ ಲಾಭ. ಪಿರಮಿಡ್ಡು, ತಾಮ್ರದ ಪಟ್ಟಿ, ದೋಷ ನಿವಾರಣೆಯ ಯಂತ್ರ ಅಂತ ಸಾವಿರಗಟ್ಟಲೆ ಕೇಳಿದರೆ ಮಾತ್ರ ಕೈಮುಗಿದು ಕಳಿಸಿಬಿಡಿ. ಕಷ್ಟದಲ್ಲಿ ಇರುವವರ ಭಯದ ಮೇಲೆ ನಡೆಯುವ ವ್ಯಾಪಾರ ಅದು. ಅದಕ್ಕಾಗಿ ಒಡವೆ ಅಡವಿಟ್ಟ ಮನೆಗಳನ್ನು ಕಂಡು ನನಗೆ ಸಂಕಟ ಆಗಿದೆ.

ಹಾಗಂತ ಹಳಬರ ಮಾತನ್ನೆಲ್ಲ ತೆಗೆದು ಬಿಸಾಡಿ ಅನ್ನುತ್ತಿಲ್ಲ. ಅವರು ಬಿಸಿಲು, ಗಾಳಿ, ಮಳೆ ನೋಡಿಯೇ ಮನೆ ಕಟ್ಟಿದವರು. ನಾವೂ ನಮ್ಮ ಬಿಸಿಲು, ನಮ್ಮ ಗಾಳಿ, ನಮ್ಮ ಮಳೆ ನೋಡಬೇಕು. ಅದರಲ್ಲೂ ನಮ್ಮ ಜಿಲ್ಲೆಗಳಲ್ಲಿ ಒಂದೇ ನಿಯಮ ಎಲ್ಲ ಊರಿಗೂ ಆಗಿಬರುವುದಿಲ್ಲ. ಹಾಸನದಿಂದ ಪಶ್ಚಿಮಕ್ಕೆ 40 ಕಿ.ಮೀ. ಹೋದರೆ ಸಕಲೇಶಪುರ, ಜಡಿಮಳೆ. ಹೆಚ್ಚುಕಡಿಮೆ ಅಷ್ಟೇ ದೂರ ಇನ್ನೊಂದು ಕಡೆ ಹೋದರೆ ಅರಸೀಕೆರೆ, ಒಣ ಬಯಲು, ತೆಂಗು. ಚಿಕ್ಕಮಗಳೂರಲ್ಲೂ ಹಾಗೆ, ಮೂಡಿಗೆರೆ ಒಂದು ಲೋಕ, ಕಡೂರು ಇನ್ನೊಂದು ಲೋಕ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಪಶ್ಚಿಮದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ಈಗ ತಗಡು ಹೊಡೆಯುತ್ತಾರೆ. ಅವರಿಗೆ ಗೋಡೆ ಉಳಿದರೆ ಮನೆ ಉಳಿದ ಹಾಗೆ.

ವಾಸ್ತುವಿನ ಒಂದು ನಿಯಮವನ್ನು ನಾನು ಈ ಎರಡೂ ಜಿಲ್ಲೆಗಳಲ್ಲಿ ಕಣ್ಣುಮುಚ್ಚಿ ಪಾಲಿಸುತ್ತೇನೆ. ನೈರುತ್ಯ ಭಾರವಾಗಿ, ಮುಚ್ಚಿಕೊಂಡು ಇರಲಿ. ಈಶಾನ್ಯ ಹಗುರವಾಗಿ, ತೆರೆದುಕೊಂಡು ಇರಲಿ. ಸಕಲೇಶಪುರದಲ್ಲಿ ಇದು ಮಳೆಯನ್ನು ತಡೆಯುತ್ತದೆ, ಅರಸೀಕೆರೆಯಲ್ಲಿ ಇಳಿಬಿಸಿಲನ್ನು ತಡೆಯುತ್ತದೆ. ಬೆಳಗಿನ ಎಳೆ ಬಿಸಿಲು ಎರಡೂ ಕಡೆ ಒಳಗೆ ಬರುತ್ತದೆ.

ನಿಮ್ಮ ಮನೆಯಲ್ಲಿ ನೈರುತ್ಯದ ಕೋಣೆ ಅತ್ತೆಯವರದು. ವಾಸ್ತುವಿನವರು ‘ಹಿರಿಯರು ನೈರುತ್ಯದಲ್ಲಿದ್ದಾರೆ, ಬಹಳ ಒಳ್ಳೆಯದು’ ಅಂತ ಬರೆದುಕೊಟ್ಟಿದ್ದಾರೆ. ಆದರೆ ನೀವು ಕಳಿಸಿದ ಫೋಟೊದಲ್ಲಿ ಅದೇ ಕೋಣೆಯ ಪಶ್ಚಿಮದ ಗೋಡೆ ನೋಡಿ. ಬೀರುವಿನ ಹಿಂದೆ ಕಪ್ಪಗೆ ಬೂಷ್ಟು ಹಿಡಿದಿದೆ. ಗೋಡೆ 6 ಇಂಚಿನ ಸಿಮೆಂಟ್ ಬ್ಲಾಕಿನದು. ಭಾರವಾಗಿ ಇರಬೇಕಾದ ಕಡೆ ತೆಳು ಗೋಡೆ, ಮಳೆಯ ಹೊಡೆತ ನೇರ ಅದಕ್ಕೇ. ಉಬ್ಬಸ ಇರುವವರಿಗೆ ಬೂಷ್ಟು ಬಹಳ ಕೆಟ್ಟದ್ದು. ಅದರ ಧೂಳು ಉಸಿರಿನ ಜೊತೆ ಹೋಗಿ ಉಬ್ಬಸ ಏಳಿಸುತ್ತದೆ. ಡಾಕ್ಟರಿಗೆ ತೋರಿಸುವಾಗ ಈ ಗೋಡೆಯ ಫೋಟೊವನ್ನೂ ತೋರಿಸಿ. ಸದ್ಯಕ್ಕೆ ಅತ್ತೆಯವರ ಮಂಚವನ್ನು ಪೂರ್ವದ ಕೋಣೆಗೆ ಹಾಕಿ. ಉತ್ತರಕ್ಕೆ ತಲೆ ಹಾಕುವುದು ಬೇಡ ಅಂದರೆ ಅವರಿಷ್ಟದಂತೆಯೇ ಹಾಕಿ, ಅದಕ್ಕೇನೂ ಖರ್ಚಿಲ್ಲ. ರಕ್ತದ ಕಬ್ಬಿಣವನ್ನು ಭೂಮಿಯ ಅಯಸ್ಕಾಂತ ಎಳೆಯುತ್ತದೆ ಅನ್ನುವ ವಿವರಣೆ ಮಾತ್ರ ಸರಿಯಲ್ಲ. ಎಂಆರ್‌ಐ ಯಂತ್ರದ ಅಯಸ್ಕಾಂತ ಭೂಮಿಯದಕ್ಕಿಂತ ಹತ್ತಾರು ಸಾವಿರ ಪಟ್ಟು ಜೋರು, ಅದರೊಳಗೆ ಮಲಗಿ ಎದ್ದು ಬರುತ್ತೇವೆ.

ತೇವ ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಕಲೆಯೇ ಹೇಳುತ್ತದೆ. ಮೋಲ್ಡು–ಗೋಡೆ ಸೇರುವ ಕಡೆಯಿಂದ ಉದ್ದಕ್ಕೂ ಇಳಿದಿದ್ದರೆ ತಾರಸಿಯದು. ನೆಲದಿಂದ ಎರಡು ಮೂರು ಅಡಿವರೆಗೆ ಪಟ್ಟಿಯಂತೆ ಎದ್ದು, ಬಿಳಿ ಉಪ್ಪು ಬಿಟ್ಟಿದ್ದರೆ ಪಾಯದಿಂದ ಏರಿದ್ದು. ನಿಮ್ಮದು ಕಿಟಕಿಯ ಮೇಲಿನ ಮೂಲೆಯಿಂದ ಶುರುವಾಗಿ ಓರೆಯಾಗಿ ಇಳಿದಿದೆ. ಅಂದರೆ ಸಜ್ಜಾ ಮತ್ತು ಗೋಡೆ ಸೇರುವ ಕಡೆ ಸಂದು ಬಿಟ್ಟಿದೆ. ಹೊರಗಡೆಯಿಂದ ಆ ಸಂದನ್ನು ಕೆತ್ತಿ, ವಾಟರ್‌ಪ್ರೂಫ್ ಗಾರೆ ತುಂಬಿಸಬೇಕು. ಸಜ್ಜಾದ ಮೇಲ್ಮೈ ಹೊರಗಡೆಗೆ ಇಳಿಜಾರು ಇರಬೇಕು, ನಿಮ್ಮದು ಗೋಡೆ ಕಡೆಗೇ ಇಳಿದ ಹಾಗೆ ಕಾಣುತ್ತದೆ. ಸಜ್ಜಾದ ಅಡಿಯ ತುದಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಕೊರೆಸಿ, ನೀರು ಅಲ್ಲಿಂದಲೇ ತೊಟ್ಟಿಕ್ಕಿ ಬೀಳುತ್ತದೆ, ಗೋಡೆಗೆ ಹರಿಯುವುದಿಲ್ಲ. ಆಮೇಲೆ ಹೊರಗೋಡೆ ಪೂರ್ತಿ ಬಿರುಕು ಮುಚ್ಚಿಸಿ ಹೊರಗಡೆಯ ಪೇಂಟ್. ಒಳಗಡೆ ಬರೀ ಪೇಂಟ್ ಹೊಡೆಸಿದರೆ ಕಲೆ ಮುಚ್ಚುತ್ತದೆ, ನೀರು ನಿಲ್ಲುವುದಿಲ್ಲ. ಬೀರುವನ್ನು ಗೋಡೆಯಿಂದ ನಾಲ್ಕು ಇಂಚಾದರೂ ದೂರ ಇಡಿ.

ಎರಡನೇ ಕೆಲಸ ಮನೆಯ ನಡುಭಾಗದ್ದು. ವಾಸ್ತುವಿನಲ್ಲಿ ಅದು ಬ್ರಹ್ಮಸ್ಥಾನ. ಕಂಬ, ಭಾರ ಏನೂ ಇಡದೆ ಖಾಲಿ ಬಿಡಬೇಕು. ನಮ್ಮ ತೊಟ್ಟಿ ಮನೆಗಳಲ್ಲಿ ಅಲ್ಲಿ ಆಕಾಶವೇ ಇಳಿಯುತ್ತಿತ್ತು. ಬೀಜಿಂಗಿನ ಹಳೆ ಮನೆಗಳಲ್ಲೂ ನಾಲ್ಕು ಕಡೆ ಕೋಣೆ, ನಡುವೆ ಅಂಗಳ. ಜಗಳ ಆಡುವ ಎರಡು ಶಾಸ್ತ್ರಗಳು ಇಲ್ಲಿ ಕೈ ಜೋಡಿಸಿವೆ, ಹಾಗಾಗಿ ಈ ಮಾತನ್ನು ನಾವು ಗಟ್ಟಿಯಾಗಿ ಹಿಡಿಯಬೇಕು. ಬಿಸಿಗಾಳಿ ಮೇಲೆ ಹೋಗುತ್ತದೆ, ಆ ಜಾಗಕ್ಕೆ ಕಿಟಕಿ ಬಾಗಿಲಿಂದ ತಂಪು ಗಾಳಿ ಬರುತ್ತದೆ. ತೊಟ್ಟಿ ಮನೆ ಬೇಸಿಗೆಯಲ್ಲೂ ತಣ್ಣಗಿರುವುದು ಇದರಿಂದ. ನಿಮ್ಮ ಮನೆಯ ನಡುವೆ ಮೆಟ್ಟಿಲಿದೆ, ಹಗಲು ಹೊತ್ತಲ್ಲೂ ದೀಪ ಬೇಕು ಅಂತ ನೀವೇ ಬರೆದಿದ್ದೀರಿ. ಮೆಟ್ಟಿಲು ಕೀಳುವುದು ಬೇಡ. ಅದರ ಮೇಲಿನ ಹೆಡ್‌ರೂಮಿನ (ತಾರಸಿಯಲ್ಲಿ ಮೆಟ್ಟಿಲು ಮುಗಿಯುವ ಸಣ್ಣ ಕೋಣೆಯ) ಪೂರ್ವ ಮತ್ತು ಉತ್ತರದ ಗೋಡೆಗಳಲ್ಲಿ, ಆದಷ್ಟು ಮೇಲೆ, ಜಾಲರಿ ಇರುವ ದೊಡ್ಡ ವೆಂಟಿಲೇಟರ್ ಇಡಿಸಿ. ಕೆಳಗೆ ಒಂದು ಸಾಲು ಗಾಜಿನ ಇಟ್ಟಿಗೆ. ಮಳೆ ಹೊಡೆಯುವ ಪಶ್ಚಿಮದ ಕಡೆ ಏನೂ ಬೇಡ. ಮೋಲ್ಡು ಕೊಯ್ಯುವ ಕೆಲಸವೇ ಇಲ್ಲ. ಬೆಳಕು ಮೆಟ್ಟಿಲಿನಲ್ಲಿ ಇಳಿದು ನಡುಮನೆಗೆ ಬರುತ್ತದೆ, ಒಳಗಿನ ಬಿಸಿ, ಒದ್ದೆ ಗಾಳಿ ಮೇಲಿಂದ ಹೊರಗೆ ಹೋಗುತ್ತದೆ. ಅತ್ತೆಯವರ ಕೋಣೆಗೂ ಇದರಿಂದ ಅನುಕೂಲ.

ಅಡುಗೆಮನೆ ವಾಯವ್ಯದಲ್ಲಿ ಇರಲಿ. ಆಗ್ನೇಯ ಆಗದಿದ್ದರೆ ವಾಯವ್ಯ ಅಂತ ವಾಸ್ತು ಹೇಳುವವರೇ ಒಪ್ಪುತ್ತಾರೆ. ಸೌದೆ ಒಲೆಯ ಕಾಲದಲ್ಲಿ ಪಶ್ಚಿಮದ ಗಾಳಿಗೆ ಹೊಗೆ, ಕಿಡಿ ಮನೆಯೊಳಗೆ ಬರದೆ ಆಚೆ ಹೋಗಲಿ ಅಂದರೆ ಪೂರ್ವದ ಕಡೆ ಒಲೆ ಒಳ್ಳೆಯದೇ ಆಗಿತ್ತು. ಗ್ಯಾಸ್ ಒಲೆಗೆ ಮುಖ್ಯವಾದದ್ದು ಎಕ್ಸಾಸ್ಟ್ ಫ್ಯಾನ್. ನಿಮ್ಮದು ಪಶ್ಚಿಮದ ಗೋಡೆಯಲ್ಲಿದೆ, ಜೂನ್ ಬಂದರೆ ಗಾಳಿ ಹೊಗೆಯನ್ನು ಒಳಗೇ ತಳ್ಳುತ್ತದೆ. ಉತ್ತರದ ಗೋಡೆಗೆ ಬದಲಿಸಿ, ಅಷ್ಟು ಸಾಕು. ಸಂಪನ್ನೂ ಮುಟ್ಟಬೇಡಿ. ಈಶಾನ್ಯದ ಆ ಮೂರಡಿ ಸಂದಿನಲ್ಲಿ ಪಾಯದ ಪಕ್ಕವೇ ಗುಂಡಿ ತೋಡಿದರೆ ಮಣ್ಣು ಸಡಿಲವಾಗಿ ಪಾಯಕ್ಕೇ ಕುತ್ತು. ಈಶಾನ್ಯದಲ್ಲಿ ನೀರು ಇರಬೇಕು ಅನ್ನುವ ಆಸೆ ಇದ್ದರೆ ಅಲ್ಲಿ ತುಳಸಿ ಇಟ್ಟು ದಿನಾ ನೀರು ಹಾಕಿ.

ಯಜಮಾನರ ವ್ಯಾಪಾರದ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಗೋಡೆ ಬದಲಿಸಿದರೆ ಗಿರಾಕಿಗಳು ಬರುವುದಿಲ್ಲ. ಕುಗ್ಗಿದ ವ್ಯಾಪಾರದ ಮೇಲೆ ಆರು ಲಕ್ಷದ ಬಡ್ಡಿ ಕೂತರೆ ಮಾತ್ರ ನಿಜವಾಗಿಯೂ ಕಷ್ಟ ಬರುತ್ತದೆ. ಮನೆಯಲ್ಲಿ ಮನಸ್ಸಿಗೆ ಸಮಾಧಾನ ಬೇಕು ಅನ್ನಿಸಿದರೆ ಪೂಜೆ ಮಾಡಿಸಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಡಿ, ಬಾಗಿಲ ಮುಂದಿನ ಚಪ್ಪಲಿ ರಾಶಿ ಪಕ್ಕಕ್ಕೆ ಸರಿಸಿ. ಹೊಸ್ತಿಲು ಚೊಕ್ಕಟ ಇರಬೇಕು ಅಂತ ಅಜ್ಜಿಯೂ ಹೇಳುತ್ತಾರೆ, ಫೆಂಗ್‌ಶುಯಿಯವರೂ ಹೇಳುತ್ತಾರೆ.

ನಾನು ಹೇಳಿದ ಮೂರೂ ಕೆಲಸ ಸೇರಿದರೆ, ನನ್ನ ಅಂದಾಜಿನಲ್ಲಿ, ಆರು ಲಕ್ಷದ ಕಾಲು ಭಾಗವೂ ಆಗುವುದಿಲ್ಲ. ಒಟ್ಟಿಗೆ ಆಗದಿದ್ದರೆ ವೆಂಟಿಲೇಟರ್, ಎಕ್ಸಾಸ್ಟ್ ಫ್ಯಾನ್ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಗೋಡೆ ಒಣಗಲು ಬಿಸಿಲು ಬೇಕು, ಜೂನ್ ಮೊದಲ ವಾರದ ಹೊತ್ತಿಗೆ ಮಳೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಅತ್ತೆಯವರ ಕೋಣೆಯ ಪಶ್ಚಿಮದ ಗೋಡೆಗೆ ಈ ಬೇಸಿಗೆಯಲ್ಲೇ ಮೇಸ್ತ್ರಿಯನ್ನು ಕರೆಸಿ.